ಮೂರು ಕಾಲಿನ ಆನೆಯ ಹಂದರ

ಮಾಘ ಮುಗಿಯುತ್ತ ಬಂದಿತ್ತು. ಮುರಗೋಡದ ಸುತ್ತಲಿನ ಎರೆಹೊಲಗಳಲ್ಲಿ ಕಡಲೆ ಕೀಳುವ ಕೆಲಸ ನಡೆದಿತ್ತು. ಬಿಸಿಲೇರಿದರೆ ಕಾಯಿ ಉದುರುತ್ತವೆಂದು ಹೆಣ್ಣುಮಕ್ಕಳು ಇಬ್ಬನಿ ಆರುವ ಮೊದಲೇ ಹೊಲ ಸೇರಿ, ಊಟದ ಹೊತ್ತಿಗೆ ಗಿಡದ ಹುಳಿ ತಾಗಿ ಉರಿಯುವ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮನೆಗೆ ಮರಳುತ್ತಿದ್ದರು. ಅಲ್ಲಿಯವರೆಗೆ ಊರಲ್ಲಿ ಉಳಿದವರೆಂದರೆ ಮುದುಕರು, ಎಮ್ಮೆಗಳು ಮತ್ತು ಹಂದರದ ಶಟ್ಟೆಪ್ಪ.

ಶಟ್ಟೆಪ್ಪ ತನ್ನ ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದ. ಅವನ ಎಡಕ್ಕೆ ಟೈರಿಲ್ಲದ ಹನ್ನೊಂದು ಸೈಕಲ್ ಗಾಲಿಗಳು, ಬಲಕ್ಕೆ ಅಂಚು ಬಿಚ್ಚಿದ ಮೊರಗಳು, ಗಾಜು ಒಡೆದ ಕಂದೀಲುಗಳು, ಯಾರದೋ ಮುತ್ತಜ್ಜನ ಎತ್ತಿನ ಗೆಜ್ಜೆಸರ. ಬಾಗಿಲ ಮೇಲೆ ಹೊಸ ಬೋರ್ಡು ತೂಗುತ್ತಿತ್ತು: ‘ಶ್ರೀ ವೀರಭದ್ರೇಶ್ವರ ಪರಿಸರಸ್ನೇಹಿ ಹಂದರ ಮತ್ತು ಮಂಟಪ. ಪ್ಲಾಸ್ಟಿಕ್ ಇಲ್ಲ, ಥರ್ಮಾಕೋಲ್ ಇಲ್ಲ.’

ಹೋದ ವರ್ಷದವರೆಗೆ ಅವನಲ್ಲಿ ಎರಡೂ ಇದ್ದವು. ಥರ್ಮಾಕೋಲಿನ ಎರಡು ನವಿಲು, ನಾಲ್ಕು ಚೀಲ ಪ್ಲಾಸ್ಟಿಕ್ ಗುಲಾಬಿ ಇಟ್ಟುಕೊಂಡು ಮೂವತ್ತು ಲಗ್ನ ನಡೆಸಿದ್ದ. ಒಂದು ದಿನ ಪಂಚಾಯ್ತಿಯಿಂದ ನೋಟೀಸು ಬಂತು. ಪಿಡಿಒ ಶಿವಲಿಂಗ ಸಾಹೇಬರು ಕರೆದು, ನಾಲ್ಕೂ ಚೀಲ ತೆಗೆಸಿಟ್ಟು, ಇನ್ನು ಮುಂದೆ ಹಳೆಯ ಸಾಮಾನಿನಿಂದಲೇ ಅಲಂಕಾರ ಮಾಡಬೇಕೆಂದು ನಗುನಗುತ್ತ ಹೇಳಿದ್ದರು. ಅವರು ನಕ್ಕದ್ದೇ ಶಟ್ಟೆಪ್ಪನನ್ನು ಹೆಚ್ಚು ಅಂಜಿಸಿತು. ಮೂರು ದಿನ ಸವದತ್ತಿಯಲ್ಲಿ ತಂಗಿಯ ಮನೆಯ ಹಿತ್ತಲಲ್ಲಿ ಅಡಗಿದ್ದು, ನಾಲ್ಕನೆಯ ದಿನ ಬಂದು ಬೋರ್ಡು ಬರೆಸಿದ.

ಅಂಜಿಕೆ ಶಟ್ಟೆಪ್ಪನಿಗೆ ಒಂದು ಕಸುಬಿದ್ದ ಹಾಗೆ. ಹಂದರದ ಕಸುಬಿಗಿಂತ ಹೆಚ್ಚು ಶ್ರದ್ಧೆಯಿಂದ ಅದನ್ನು ನಡೆಸಿಕೊಂಡು ಬಂದಿದ್ದ. ಅವನು ಅಂಜುವ ಸಂಗತಿಗಳಿಗೆ ಒಂದು ಕ್ರಮವಿತ್ತು. ಕೆಳಗೆ ನಾಯಿ, ಅದರ ಮೇಲೆ ಪೊಲೀಸ್ ಜೀಪು, ಅದರ ಮೇಲೆ ರಬ್ಬರ್ ಶಿಕ್ಕಾ ಇಟ್ಟುಕೊಂಡ ಮೇಜು, ಎಲ್ಲಕ್ಕಿಂತ ಮೇಲೆ ಮೇಲಿನ ಓಣಿಯ ಕಾಡವ್ವ.

ಆ ದಿನ ಫೋನು ಬಂದದ್ದು ಕಾಡವ್ವನ ಮಗಳಿಂದಲೇ. ಅನ್ನಪೂರ್ಣಾ ರಾಮದುರ್ಗದಲ್ಲಿ ಹೈಸ್ಕೂಲ್ ಟೀಚರು. ಹತ್ತು ದಿನಕ್ಕೆ ಅವಳ ಲಗ್ನ.

“ಶಟ್ಟೆಪ್ಪಣ್ಣಾ, ನನ್ನ ಲಗ್ನದಾಗ ಪೇಟಿಯಿಂದ ತಂದಿದ್ದು ಒಂದು ಹೂವೂ ಇರಬಾರದು. ಮನ್ಯಾಗಿನ ಹಳೇ ಸಾಮಾನ ಅಷ್ಟ. ಒಳಗಿನ ಖೋಲ್ಯಾಗ ಅವ್ವನ ಹಳೇ ಸೀರಿ ಅದಾವು. ಅದರಾಗ ಮಂಟಪ ಮಾಡ್ರಿ. ಮಾಡಿರೇನು ಇಂಥಾದ್ದು ಮೊದಲ?”

“ಬೆಳಗಾವ್ಯಾಗ ಮೂರು ಮಾಡೇನ್ರಿ ಬಾಯಾರ,” ಎಂದ ಶಟ್ಟೆಪ್ಪ. ಬೆಳಗಾವಿಗೆ ಅವನು ಹೋದದ್ದು ಎರಡು ಸಲ, ಎರಡೂ ಸಲ ಹಲ್ಲುನೋವಿಗೆ.

ಹೊಲದಿಂದ ಮರಳಿದ್ದ ಕೆಂಪವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೌದಿ ಹೊಲಿಯುತ್ತಿದ್ದಳು. ಅವನ ಹೆಂಡತಿ. ಹಳೆಯ ಬಟ್ಟೆಯ ವಿಷಯದಲ್ಲಿ ಊರಿಗೆಲ್ಲ ಅವಳ ಮಾತೇ ಕಡೆಯ ಮಾತು. “ಬಟ್ಟೀ ಕೆಲಸ ನಿಮಗೇನು ತಿಳೀತೈತಿ,” ಎಂದಳು ದಾರ ಕಡಿಯುತ್ತ. “ಕಡ್ಲಿ ಮುಗಿಯೂ ತನಕ ತಡೀರಿ, ನಾ ಬರತೇನಿ.”

“ಬಟ್ಟೀಗೆ ಏನು ಹೆಣ್ಣು ಗಂಡು ಅಂತ ಐತೇನು,” ಎಂದ ಶಟ್ಟೆಪ್ಪ. “ಬೋರ್ಡಿನ ಮ್ಯಾಲೆ ನನ್ನ ಕಸುಬು ಬರದೈತಿ.”

“ಹೋಗ್ರಿ ಹಂಗಾರ. ಹೋದಾಗ ಕಾಡವ್ವಗ ನೆನಪ ಮಾಡ್ರಿ. ಆಕಿ ಹೊಸ ಮನಿ ಕಟ್ಟಿ ಮನಿಶಾಂತಿ ಮಾಡಿದಾಗ ನಾ ಒಂದು ಸೀರಿ ಒಯ್ದು ಕೊಟ್ಟೇನಿ. ಒಂಬತ್ತು ವರ್ಷ ಆತು. ನಮ್ಮ ಮನಿಶಾಂತಿಗೆ ಬರೇ ಒಂದು ತೆಂಗಿನಕಾಯಿ ಹಿಡಕೊಂಡು ಬಂದಳು.”

ಶಟ್ಟೆಪ್ಪ ಈ ಮಾತನ್ನು ಒಂಬತ್ತು ವರ್ಷಗಳಿಂದ ಕೇಳುತ್ತಿದ್ದ. ಕಾಡವ್ವನಿಗೆ ನೆನಪು ಮಾಡುವ ಧೈರ್ಯ ಬರಲು ಇನ್ನೂ ಒಂಬತ್ತು ವರ್ಷ ಬೇಕಿತ್ತು.

ಅವನು ಹೋದಾಗ ಕಾಡವ್ವ ಮನೆಯಲ್ಲಿರಲಿಲ್ಲ. ಬಾಡಿಗೆ ಜೀಪಿನಲ್ಲಿ ಕಿತ್ತೂರು, ಬೈಲಹೊಂಗಲ, ಸವದತ್ತಿಯ ಕಡೆ ಅಕ್ಷತೆ ಕೊಟ್ಟು ಕರೆಯಲು ಹೋಗಿದ್ದಳು. ಇದರಿಂದ ಶಟ್ಟೆಪ್ಪನಿಗೆ ಎಷ್ಟು ಸಮಾಧಾನವಾಯಿತೆಂದರೆ, ಮುಂದೆ ಆದದ್ದಕ್ಕೆಲ್ಲ ಆ ಸಮಾಧಾನವೇ ಕಾರಣವೆನ್ನಬೇಕು. ಅವಳ ಗಂಡ ಬೀರಪ್ಪ ಮಾಳಿಗೆಯ ಮೇಲೆ ಕಡಲೆ ಬಡಿಯುತ್ತಿದ್ದ. “ಒಳಗ ಹೋಗೋ, ಯಾವ ಹಳೇವು ಕಾಣತಾವು ಅವನ್ನ ತಗೋ,” ಎಂದು ಅಲ್ಲಿಂದಲೇ ಕೂಗಿದ.

ಒಳಗಿನ ಕತ್ತಲೆ ಖೋಲಿಯಲ್ಲಿ ಒಂದು ಗಂಟು ಇತ್ತು, ಒಂದು ಟ್ರಂಕು ಇತ್ತು. ಶಟ್ಟೆಪ್ಪ ಮೊದಲು ಗಂಟು ಬಿಚ್ಚಿದ. ಒಗೆದು ಮೆತ್ತಗಾದ ಇಳಕಲ್ ಸೀರೆಗಳು, ಸಾಬೂನಿನ ವಾಸನೆ, ಮೈಯ ಬಿಸಿ ಇನ್ನೂ ಉಳಿದಂತಿದ್ದವು. ಇವು ಕಾಡವ್ವ ದಿನವೂ ಉಡುವ ಸೀರೆಗಳೆಂದು ಅವನಿಗೆ ಅನ್ನಿಸಿ ಕೈ ಚುರುಕ್ಕೆಂದಿತು. ಗಡಬಡಿಸಿ ಗಂಟು ಕಟ್ಟಿದ. ಆಮೇಲೆ ಟ್ರಂಕು ತೆರೆದ. ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಅರವತ್ತೆರಡು ಸೀರೆಗಳು, ಮಡಿಕೆಯ ಗೆರೆಯಲ್ಲಿ ಬಣ್ಣ ಬಿಟ್ಟವು, ಹಪ್ಪಳದಂತೆ ಸೆಡೆತವು. ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಸುತ್ತಿ ಗಂಟು ಹಾಕಿತ್ತು. ಇವಕ್ಕಿಂತ ಹಳೆಯ ಸೀರೆಗಳು ಲೋಕದಲ್ಲಿ ಇರಲಿಕ್ಕಿಲ್ಲ ಎಂದು ಶಟ್ಟೆಪ್ಪ ತೀರ್ಮಾನಿಸಿದ. ದಾರಗಳನ್ನೆಲ್ಲ ಕತ್ತರಿಸಿ ಅಂಗಳಕ್ಕೆ ಎಸೆದು, ಸೀರೆಗಳನ್ನು ಚೀಲಕ್ಕೆ ತುಂಬಿ, ಟ್ರಂಕಿನ ಮುಚ್ಚಳ ಭದ್ರವಾಗಿ ಮುಚ್ಚಿ ಹೊರಬಿದ್ದ.

ಎಂಟು ದಿನ ಅವನೂ ಲಗಮಣ್ಣ ಕಾಕಾನೂ ಲಗಮಣ್ಣನ ದನದ ಕೊಟ್ಟಿಗೆಯಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡಿದರು. ಲಗಮಣ್ಣ ಟೆಂಪೋ ಇಟ್ಟುಕೊಂಡ ಮುದುಕ. ಯಾವುದಕ್ಕೂ ಗಾಬರಿಯಾಗದ ಮನುಷ್ಯ, ಆದ್ದರಿಂದ ಅವನ ಜೊತೆ ಕೂತರೆ ಶಟ್ಟೆಪ್ಪನಿಗೆ ಇಬ್ಬರ ಪಾಲಿನ ಗಾಬರಿಯನ್ನೂ ತಾನೇ ಹೊರಬೇಕಾಗುತ್ತಿತ್ತು. ಇಬ್ಬರೂ ಸೀರೆಗಳನ್ನು ಉದ್ದುದ್ದ ಹರಿದರು. ಜಡೆ ಹೆಣೆದರು. ಸೈಕಲ್ ಗಾಲಿಗೆ ಸುತ್ತಿ ಸೂರ್ಯಕಾಂತಿ ಹೂ ಮಾಡಿದರು, ಮೊರದ ಮೇಲೆ ತಾವರೆ ಕೂಡಿಸಿದರು, ಕಂದೀಲಿಗೆ ಜರಿ ಅಂಚು ಕಟ್ಟಿದರು. ಹರಿಯದೆ ಇಡಿಯಾಗಿ ಉಳಿಸಿದ್ದು ಒಂದೇ ಸೀರೆ. ಅದು ಗಿಳಿಹಸಿರಿನದು, ಮದುಮಕ್ಕಳ ತಲೆಯ ಮೇಲೆ ಮೇಲ್ಕಟ್ಟಾಗಿ ಹಾಕಲು.

“ಶಟ್ಟ್ಯಾ, ಈ ಸೀರಿ ಒಂದ ಸಲಾನೂ ಯಾರೂ ಉಟ್ಟಂಗಿಲ್ಲೋ,” ಎಂದ ಲಗಮಣ್ಣ ಒಂದು ದಿನ ಬೀಡಿ ಹಚ್ಚುತ್ತ.

“ಹಿಂದಿನವರು ಜ್ವಾಕಿ, ಕಾಕಾ,” ಎಂದ ಶಟ್ಟೆಪ್ಪ.

ಲಗ್ನದ ಮುಂಚಿನ ದಿನ ಮಧ್ಯಾಹ್ನ ಹಂದರ ಎದ್ದು ನಿಂತಿತು. ಜೋಳದ ದಂಟಿನ ಗೋಡೆ, ಬಿದಿರಿನ ಕಮಾನು, ಅದರ ತುಂಬ ಅರವತ್ತೊಂದು ಸೀರೆಗಳ ಬಣ್ಣ. ಗಾಳಿಗೆ ಗಾಲಿಗಳು ಮೆಲ್ಲಗೆ ತಿರುಗಿದರೆ ಬಣ್ಣಗಳೂ ತಿರುಗುತ್ತಿದ್ದವು. ಓಣಿಯ ಮಂದಿ ಬಂದು ನೋಡಿ ಬಾಯಿ ತೆರೆದರು. ಐವತ್ತೆರಡು ವರ್ಷದ ಜೀವನದಲ್ಲಿ ಮೊದಲ ಬಾರಿಗೆ ಶಟ್ಟೆಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತ. ಸರಿಯಾಗಿ ಕಾಲು ಗಂಟೆ ಹಾಗೆ ನಿಂತಿದ್ದ.

ಆಗ ಹೊಲದಿಂದ ಕೆಂಪವ್ವ ಬಂದಳು. ಕೈಯಲ್ಲಿ ಹಸಿಕಡಲೆ ಗಿಡದ ಸೂಡು. ಕತ್ತೆತ್ತಿ ನೋಡಿದಳು. ಒಂದು ತಾವರೆ ಮುಟ್ಟಿದಳು, ಒಂದು ಜಡೆ ತಿರುವಿದಳು. ಆಮೇಲೆ ಗಿಳಿಹಸಿರು ಮೇಲ್ಕಟ್ಟಿನ ಕೆಳಗೆ ಹೋಗಿ ಜೋತುಬಿದ್ದ ಸೆರಗಿನ ಮೂಲೆ ಹಿಡಿದು ನೋಡಿದಳು. ಕಡಲೆ ಸೂಡು ಕೆಳಗೆ ಬಿತ್ತು.

“ಇವನ್ನ ಎಲ್ಲಿಂದ ತಗೊಂಡ್ರಿ?”

“ಖೋಲ್ಯಾಗಿಂದ.”

“ಗಂಟಿನಾಗಿಂದೋ ಟ್ರಂಕಿನಾಗಿಂದೋ?”

“ಟ್ರಂಕಿನಾಗ ಇದ್ದವು ಭಾಳ ಹಳೇವು ಇದ್ದವು.”

ಕೆಂಪವ್ವ ಸುತ್ತ ನೋಡಿ ದನಿ ತಗ್ಗಿಸಿದಳು. “ಇಲ್ನೋಡ್ರಿ. ಸೆರಗಿನ ಮೂಲ್ಯಾಗ ಕಸೂತಿ ಆನಿ. ಎಷ್ಟು ಕಾಲದಾವು ಎಣಸ್ರಿ.”

ಕರಿ ದಾರದಲ್ಲಿ ಹೆಬ್ಬೆರಳಷ್ಟು ಆನೆ. ಶಟ್ಟೆಪ್ಪ ಎಣಿಸಿದ. ಮೂರು.

“ಇದು ನಾ ಕಾಡವ್ವನ ಮನಿಶಾಂತಿಗೆ ಕೊಟ್ಟ ಸೀರಿ. ನನಗ ನಿಮ್ಮ ತಂಗಿ ಕೊಟ್ಟಿದ್ದಳು. ಮೂರು ಕಾಲಿನ ಆನಿ ಇನ್ನ್ಯಾರ ಸೀರ್ಯಾಗ ಇರತೈತಿ? ಇವು ಹಳೇ ಸೀರಿ ಅಲ್ರಿ. ಆಯೇರಿ ಸೀರಿ.”

ಶಟ್ಟೆಪ್ಪ ಸೊಂಟದ ಮೇಲಿಂದ ಕೈ ತೆಗೆದ.

ಆಯೇರಿ ಎಂದರೆ ಏನೆಂದು ಆ ಭಾಗದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಲಗ್ನವಿರಲಿ, ಮನೆಶಾಂತಿಯಿರಲಿ, ಹೋದವರು ಒಂದು ಸೀರೆ ಒಯ್ಯಬೇಕು. ಆ ಮನೆಯವರು ಮುಂದೆ ಇವರ ಮನೆಗೆ ಬಂದಾಗ ಒಂದು ತರಬೇಕು. ಬಂದ ಸೀರೆಯನ್ನು ಯಾರೂ ಉಡುವುದಿಲ್ಲ. ಮಡಿಕೆ ಬಿಚ್ಚದೆ ಟ್ರಂಕಿನಲ್ಲಿಟ್ಟು ಮುಂದಿನ ಮನೆಗೆ ದಾಟಿಸುತ್ತಾರೆ. ಹೀಗೆ ಒಂದೇ ಸೀರೆ ಇಪ್ಪತ್ತು ವರ್ಷ ಊರೂರು ತಿರುಗಿ, ಯಾರ ಮೈಯನ್ನೂ ಮುಟ್ಟದೆ ಮುಪ್ಪಾಗುತ್ತದೆ. ಅದಕ್ಕೆ ಇರುವ ನೇಮ ಒಂದೇ: ಕೊಟ್ಟವರ ಮನೆಗೇ ತಿರುಗಿ ಹೋಗಬಾರದು. ಹಾಗೆ ಹೋದರೆ ನಿಮ್ಮ ಸೀರೆ ನಮಗೆ ಬೇಡ, ನಿಮ್ಮ ನಂಟೂ ಬೇಡ ಎಂದಂತೆ. ಓದು ಬರಹ ಬಾರದ ಕಾಡವ್ವ ಅದಕ್ಕಾಗಿಯೇ ಒಂದೊಂದು ಮನೆಗೆ ಒಂದೊಂದು ಬಣ್ಣದ ದಾರ ಕಟ್ಟಿ ಇಟ್ಟಿದ್ದಳು.

“ದಾರ ಎಲ್ಲಿ?” ಎಂದಳು ಕೆಂಪವ್ವ.

“ಎಮ್ಮಿ ತಿಂತು.”

“ನಾಳೆ ಬೀಗರಿಗೆ ಆಯೇರಿ ಮಾಡಾಕ ಆಕಿ ಟ್ರಂಕು ತಗೀತಾಳ. ಇತ್ಲಾಗ ಸೀರಿ ಕೊಟ್ಟ ಹೆಂಗಸರೆಲ್ಲ ಬಂದು ಇದರ ಕೆಳಗ ಕುಂಡ್ರತಾರ. ತಾವು ಕೊಟ್ಟ ಸೀರಿ ಹರದು ಗಾಲೀಗೆ ಕಟ್ಟ್ಯಾರ ಅಂತ ನೋಡತಾರ.”

ಲಗಮಣ್ಣ ಬೀಡಿಯ ಬೂದಿ ಕೊಡವಿದ. “ಕಾಡವ್ವ ಒಮ್ಮೆ ಯರಗಟ್ಟಿ ಬಸ್ಸಿನಾಗ ಚೀಲ ಬಿಟ್ಟಿದ್ದಳು. ಕಂಡಕ್ಟರ ರಜಾ ಹಾಕಿ ತಂದು ಕೊಟ್ಟು ಹೋದ,” ಎಂದ, ಸಮಾಧಾನ ಮಾಡುವವನಂತೆ.

ಶಟ್ಟೆಪ್ಪ ನಿಚ್ಚಣಿಕೆ ಹಿಡಿದು ಮೇಲೆ ಹತ್ತಿದ. ಎಲ್ಲವನ್ನೂ ಇಳಿಸಿಬಿಡಬೇಕು, ಬರೀ ದಂಟು ಸಾಕು. ಮೊದಲ ಗಾಲಿಯ ಹುರಿ ಬಿಚ್ಚುವಷ್ಟರಲ್ಲಿ ಕೆಳಗೆ ಮೋಟಾರ್ ಸೈಕಲ್ ನಿಂತಿತು. ಪಿಡಿಒ ಶಿವಲಿಂಗ ಸಾಹೇಬರು. ಹಿಂದೆಯೇ ರಾಮದುರ್ಗದ ಬಸ್ಸಿಳಿದ ಅನ್ನಪೂರ್ಣಾ.

ಅನ್ನಪೂರ್ಣಾ ಕೈಚೀಲ ಕೆಳಗಿಟ್ಟಳು. ಹಂದರದ ನಡುವೆ ನಿಂತು ಸುತ್ತ ತಿರುಗಿದಳು, ಕಣ್ಣಲ್ಲಿ ನೀರು ತುಂಬಿತ್ತು. “ನಮ್ಮ ಅವ್ವನ ಇಡೀ ಜನ್ಮ ಮ್ಯಾಲೆ ತೂಗಬಿಟ್ಟಂಗ ಆಗೇತಿ,” ಎಂದಳು ಕಡೆಗೆ. ಇದು ಎಷ್ಟು ನಿಜವೆಂದು ಅವಳಿಗೆ ತಿಳಿದಿರಲಿಲ್ಲ.

ಸಾಹೇಬರು ಫೋನಿನಲ್ಲಿ ನಾಲ್ಕೂ ದಿಕ್ಕಿನಿಂದ ಫೋಟೋ ಹೊಡೆದರು. “ಶಟ್ಟೆಪ್ಪಾ, ಮ್ಯಾಲ ಯಾಕ ಕುಂತೀ, ಇಳಿ. ಆಗಲೇ ಎಲ್ಲಾ ಗ್ರೂಪಿಗೆ ಕಳಿಸೇನಿ. ಪ್ಲಾಸ್ಟಿಕ್ ಇಲ್ಲದ ಲಗ್ನ ಅಂತ ನಾಳೆ ಸರ್ಟಿಫಿಕೇಟ ಕೊಡತೇನಿ. ಒಂದು ದಾರ ಸೈತ ಅಲ್ಲಾಡಬಾರದು. ಇವು ಯಾರ ಸೀರಿ?”

ಮೇಲಿನಿಂದ ಶಟ್ಟೆಪ್ಪ ಹೇಳಿದ, “ಕಾಡವ್ವಾರ ಅಜ್ಜಿ ಉಟ್ಟಿದ್ದವು ಸಾಹೇಬ್ರ. ಅಜ್ಜಿ ಸತ್ತು ಐವತ್ತು ವರ್ಷ ಆತು.”

“ಅಜ್ಜಿ ನೈಲಾನ ಉಡತಿದ್ದಳೇನು?”

“ಶ್ರೀಮಂತ ಮನಿತನ ಇತ್ತು ಸಾಹೇಬ್ರ.”

ಅವರು ಹೋದ ಮೇಲೆ ಶಟ್ಟೆಪ್ಪ ಲಗಮಣ್ಣನ ಟೆಂಪೋದ ಕೀಲಿ ಕೇಳಿದ. ಸವದತ್ತಿಯ ಹಿತ್ತಲು ಈಗಲೂ ಇತ್ತು. ಕೆಂಪವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಹೋಗ್ರಿ. ಕಾಡವ್ವ ಕೇಳಿದರ ಯಾವ ಊರು, ಯಾವ ಹಿತ್ತಲಾ ಅಂತ ಎಲ್ಲಾ ಹೇಳತೇನಿ.”

ಅವನು ಹೋಗಲಿಲ್ಲ. ಉಳಿದ ನೆಂಟರನ್ನೂ ಕರೆದು ಮುಗಿಸಿ ಕಾಡವ್ವ ಬಂದಾಗ ಸಂಜೆ ಕವಿದಿತ್ತು. ಹಂದರದ ಕೆಳಗಿಂದಲೇ ನಡೆದು ಹೋದಳು, ಆದರೆ ಬುಂದಿ ಕಟ್ಟುವವರ ಜೊತೆ ಸಕ್ಕರೆಯ ವಿಷಯದಲ್ಲಿ ಜಗಳವಾಡುತ್ತಿದ್ದುದರಿಂದ ಮೇಲೆ ನೋಡಲಿಲ್ಲ. ಬೆಳಗಾದರೆ ಅರಿಷಿಣದ ನೀರು, ದೇವರ ಪೂಜೆ ಎಂದು ಒಳಗೇ ಉಳಿದಳು. ಶಟ್ಟೆಪ್ಪ ಆ ಹೊತ್ತಿಗೆ ಹಂದರದ ಮೂಲೆಯ ಕಂಬವನ್ನು ಹಿಡಿದು ನಿಂತಿದ್ದ. ಕಂಬ ಅಲುಗಾಡುತ್ತಿದೆಯೆಂದು ಯಾರೋ ಬಂದು ನೋಡಿದರು. ಅಲುಗಾಡುತ್ತಿದ್ದವನು ಶಟ್ಟೆಪ್ಪ.

ಹತ್ತು ಗಂಟೆಗೆ ಜೀಪು, ಟ್ರ್ಯಾಕ್ಟರು, ಬಸ್ಸು ಇಳಿದು ಹೆಂಗಸರು ಬರಹತ್ತಿದರು. ಬಂದು ಜಮಖಾನೆಯ ಮೇಲೆ ಕೂತರು. ಮೊದಲು ಕತ್ತೆತ್ತಿದವಳು ಬೀರವ್ವ, ಬೀರಪ್ಪನ ಅಕ್ಕ. ಬೈಲಹೊಂಗಲದ ಸಂತೆಯಲ್ಲಿ ಅವಳ ದನಿ ಕೇಳಿದರೆ ಎಪಿಎಂಸಿಯ ಹಮಾಲರು ಚೀಲ ಇಳಿಸಿ ನಿಲ್ಲುತ್ತಿದ್ದರಂತೆ. ಅವಳು ಒಂದು ಗುಲಾಬಿ ಬಣ್ಣದ ಜಡೆಯನ್ನೇ ನೋಡುತ್ತ ಕೂತಳು. ಅದರ ಅಂಚಿನಲ್ಲಿ ಹಳದಿ ನವಿಲು. ಶಟ್ಟೆಪ್ಪ ಕಣ್ಣು ಮುಚ್ಚಿ ವೀರಭದ್ರನಿಗೆ ಒಂದು ಕಾಯಿ ಹರಕೆ ಹೊತ್ತ.

ದನಿ ಬರಲಿಲ್ಲ. ಒಂದು ಕಣ್ಣು ತೆರೆದ. ಬೀರವ್ವನ ಬಾಯಿ ತೆರೆದಿತ್ತು, ಆದರೆ ಅವಳು ಮೇಲೆ ನೋಡುವುದನ್ನು ಬಿಟ್ಟು ಪಕ್ಕದಲ್ಲಿ ಕೂತ ತನ್ನ ಕಿತ್ತೂರಿನ ಅತ್ತಿಗೆಯನ್ನು ವಾರೆಗಣ್ಣಿನಿಂದ ನೋಡುತ್ತಿದ್ದಳು. ಅತ್ತಿಗೆಯೂ ಅದೇ ನವಿಲು ನೋಡಿದ್ದಳು. ಅವಳು ಆ ಕಡೆ ಕೂತ ನೆಂಟರ ರೇಣುವನ್ನು ನೋಡಿದಳು. ರೇಣು ತನ್ನ ಆಚೆಯವಳನ್ನು.

ವಿಷಯ ಇಷ್ಟೇ. ಆ ಗುಲಾಬಿ ಸೀರೆಯನ್ನು ಬೀರವ್ವ ಕಾಡವ್ವನಿಗೆ ಕೊಟ್ಟದ್ದು ನಿಜ. ಆದರೆ ಬೀರವ್ವನಿಗೆ ಕೊಟ್ಟವಳು ಕಿತ್ತೂರಿನ ಅತ್ತಿಗೆ, ನಿನ್ನ ಮಗಳು ಉಡಲಿ ಎಂದು ಬಾಯಿತುಂಬ ಹೇಳಿ ಕೊಟ್ಟದ್ದು. ಅತ್ತಿಗೆಗೆ ಕೊಟ್ಟವಳು ರೇಣು. ಇದು ನಾ ಕೊಟ್ಟ ಸೀರೆ ಎಂದು ಯಾರು ಎದ್ದು ಜಗಳ ತೆಗೆದರೂ, ನಾ ಕೊಟ್ಟದ್ದನ್ನು ದಾಟಿಸಿದೆಯಾ ಎಂದು ಪಕ್ಕದವಳು ಏಳುವಳು. ಅರವತ್ತೊಂದು ಸೀರೆಗಳು ಅರವತ್ತೊಂದು ಸಾಕ್ಷಿಗಳ ಹಾಗೆ ತಲೆಯ ಮೇಲೆ ತೂಗುತ್ತಿದ್ದವು. ಗಾಳಿ ಬಂದು ಗಾಲಿ ತಿರುಗಿದಾಗೆಲ್ಲ ಇನ್ನೊಂದು ಸೀರೆಯ ಮುಖ ಈ ಕಡೆ ಆಗುತ್ತಿತ್ತು, ಇನ್ನೊಬ್ಬಳು ತಲೆ ತಗ್ಗಿಸುತ್ತಿದ್ದಳು. ನೂರೈವತ್ತು ಹೆಂಗಸರು ಕೂತ ಹಂದರದಲ್ಲಿ ಸೊಲ್ಲೆತ್ತುವವರಿರಲಿಲ್ಲ. ಗಂಡಸರು ಯಾರೋ ತೀರಿಕೊಂಡರೇನೋ ಎಂದುಕೊಂಡು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು.

ಇಂಥ ಹೊತ್ತಿನಲ್ಲಿ ಶಿವಲಿಂಗ ಸಾಹೇಬರು ಮೈಕು ಹಿಡಿದರು.

“ಮಹಿಳೆಯರೇ, ಈ ಹಂದರದಾಗ ತೂಗು ಒಂದೊಂದು ಸೀರಿ ಹಿಂದ ಒಂದೊಂದು ಮನಿ ಪ್ರೀತಿ ಐತಿ. ಯಾರರ ಗುರ್ತು ಹಿಡದೀರೇನು? ಹಿಡದವರು ಎದ್ದು ನಿಂದರ್ರಿ. ಈ ಸೀರಿ ನನಗ ಗೊತ್ತು ಅಂತ ಹೇಳ್ರಿ. ಫೋಟೋ ತಗೊಂಡು ಜಿಲ್ಲಾಕ್ಕ ಕಳಸತೇನಿ.”

ಯಾರೂ ಏಳಲಿಲ್ಲ. ಬೀರವ್ವ ಮೊಮ್ಮಗನ ಮೂಗು ಒರೆಸಿದಳು, ಒರೆಸುವಂಥದ್ದೇನೂ ಇರದಿದ್ದರೂ.

“ನಾಚಬ್ಯಾಡ್ರಿ,” ಎಂದರು ಸಾಹೇಬರು. “ಅಕ್ಕಾ, ನೀವು ಅವಾಗಿಂದ ಆ ನವಿಲ ನೋಡಾಕ ಹತ್ತೀರಿ. ಗೊತ್ತೈತೇನು ನಿಮಗ?”

“ನಮಗ ಯಾ ನವಿಲೂ ಗೊತ್ತಿಲ್ರೀ ಸಾಹೇಬ್ರ,” ಎಂದಳು ಬೀರವ್ವ. “ನಮ್ಮ ಕಡೆ ನವಿಲೇ ಇಲ್ಲ.”

ಅದೇ ಹೊತ್ತಿಗೆ ಕಾಡವ್ವ ಒಳಗಿನಿಂದ ಬಂದಳು. ಹೊಸಿಲ ಮೇಲೆ ನಿಂತು ಮೇಲೆ ನೋಡಿದಳು. ನೋಡುತ್ತಲೇ ನಿಂತಳು. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಾಳೆಂದು ಶಟ್ಟೆಪ್ಪನಿಗೆ ತಿಳಿಯಿತು. ಆಮೇಲೆ ಅವಳು ಕೂತ ಹೆಂಗಸರನ್ನು ನೋಡಿದಳು, ಒಬ್ಬಳೂ ಕಣ್ಣು ಕೂಡಿಸಲಿಲ್ಲ. ಎಲ್ಲ ಅರ್ಥವಾಯಿತೇನೋ, ಮುಖದ ಮೇಲೆ ಒಂದು ಗೆರೆಯೂ ಕದಲದಂತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಬಂದು ಮಗಳ ಪಕ್ಕ ನಿಂತಳು. ಅಕ್ಷತೆ ಬಿದ್ದವು. ಅನ್ನಪೂರ್ಣಾಳ ಲಗ್ನ ಕಾಂತೇಶನೊಂದಿಗೆ ಅಷ್ಟು ಸದ್ದಿಲ್ಲದೆ ಆಯಿತೆಂದರೆ, ಮಂತ್ರ ಹೇಳುವ ಅಯ್ಯನವರು ತಮ್ಮ ದನಿ ತಮಗೇ ಕೇಳಿ ಎರಡು ಸಲ ತಪ್ಪಿದರು.

ಈಗ ಆಯೇರಿ. ಮೊದಲ ಸೀರೆ ಬೀಗತಿಗೆ ಹೋಗಬೇಕು. ಕಾಂತೇಶನ ತಾಯಿ ಪದ್ಮವ್ವ ರಾಮದುರ್ಗದವಳು. ಮಾತು ಕಡಿಮೆ. ಹಿರಿಯ ಮಗನ ಲಗ್ನದಲ್ಲಿ ಬಂದ ಕೊಡಕ್ಕೆ ನೆಗ್ಗು ಬಿದ್ದಿದೆಯೆಂದು ಬೀಗರ ಬಸ್ಸನ್ನೇ ಎರಡು ತಾಸು ನಿಲ್ಲಿಸಿದ್ದಳಂತೆ. ಅವಳು ಮಣೆಯ ಮೇಲೆ ಕೂತು ಕಾಯುತ್ತಿದ್ದಳು. ಕಾಡವ್ವ ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ಮುಚ್ಚಿದ ಸದ್ದು ಕೇಳಿಸಲಿಲ್ಲ.

ಅವಳು ಹಿತ್ತಲ ಬಾಗಿಲಿನಿಂದ ಹೊರಬಂದು ಸುತ್ತು ಹಾಕಿ ಶಟ್ಟೆಪ್ಪನ ಕಂಬದ ಹತ್ತಿರ ನಿಂತಳು. ಬೈಯಲಿಲ್ಲ. ಬೈದಿದ್ದರೆ ಅವನು ಸ್ವಲ್ಪ ಉಸಿರಾಡುತ್ತಿದ್ದ.

“ಶಟ್ಟೆಪ್ಪಾ, ಇಡೀ ಸೀರಿ ಒಂದರ ಉಳಿಸೀಯೇನು?”

ಅವನು ಮೇಲ್ಕಟ್ಟಿನ ಕಡೆ ಬೆರಳು ತೋರಿಸಿದ.

“ಇಳಸು. ಇಲ್ಲಂದರ ನನ್ನ ಮಗಳು ಬರಿಗೈ ಬೀಗರ ಮನಿ ಸೊಸಿ ಅನ್ನಿಸ್ಕೋತಾಳ, ಸಾಯೋ ತನಕ.”

ಶಟ್ಟೆಪ್ಪ ನಿಚ್ಚಣಿಕೆ ಏರಿದ. ಇಡೀ ಹಂದರ ಅವನನ್ನೇ ನೋಡುತ್ತಿತ್ತು. ಅಲಂಕಾರದ ಒಂದು ಪದ್ಧತಿಯಿರಬೇಕೆಂದು ಗಂಡಸರು ತಿಳಿದರು. ಸಾಹೇಬರು ಫೋಟೋ ಹೊಡೆದರು. ಕೆಂಪವ್ವ ಕೆಳಗೆ ಕೈಯೊಡ್ಡಿ ಸೀರೆ ಹಿಡಿದು, ಗಾಳಿಗೆ ಕೊಡವಿ, ಹಳೆಯ ಮಡಿಕೆಯ ಗೆರೆಗೇ ಸರಿಯಾಗಿ ಮಡಚಿ ಕಾಡವ್ವನ ಕೈಗಿಟ್ಟಳು. ಕಾಡವ್ವ ಅದರ ಮೇಲೆ ಖಣ, ಎಲೆ ಅಡಿಕೆ ಇಟ್ಟು ಬೀಗತಿಯ ಉಡಿಗೆ ಹಾಕಿದಳು.

ಪದ್ಮವ್ವ ಸೀರೆ ನೋಡಿದಳು. ಎದುರಿಗೇ ಅದರ ಮಡಿಕೆ ಬಿಚ್ಚಿದಳು. ಹಾಗೆ ಯಾರೂ ಬಿಚ್ಚುವುದಿಲ್ಲ. ಸೆರಗು ಹುಡುಕಿದಳು. ಮೂಲೆ ಹಿಡಿದಳು. ಅವಳ ಹೆಬ್ಬೆರಳು ಕರಿ ದಾರದ ಆನೆಯ ಮೇಲೆ ನಿಂತಿತು.

“ಈ ಸೀರಿ ನಂದು,” ಎಂದಳು.

ನಿಚ್ಚಣಿಕೆಯ ಮೇಲಿದ್ದ ಶಟ್ಟೆಪ್ಪ ಕೆಳಗಿಳಿಯುವುದನ್ನು ನಿಲ್ಲಿಸಿದ. ಮಾಡಬಾರದ ಒಂದೇ ಒಂದು ಕೆಲಸ ಆಗಿಹೋಗಿತ್ತು. ಕೊಟ್ಟವರ ಮನೆಗೇ ಸೀರೆ ತಿರುಗಿತ್ತು, ಅದೂ ತಾಳಿ ಕಟ್ಟಿ ಅರ್ಧ ಗಂಟೆಯಾಗುವುದರೊಳಗೆ. ರಾಮದುರ್ಗದ ಬಸ್ಸು ಮದುಮಗನನ್ನು ಹತ್ತಿಸಿಕೊಂಡು ಮದುಮಗಳನ್ನು ಬಿಟ್ಟು ಹೋಗುವುದು ಅವನ ಕಣ್ಣಿಗೆ ಕಟ್ಟಿತು. ಕಾಡವ್ವನ ಕೈ ಎದೆಯ ಮೇಲೆ ಹೋಗಿತ್ತು. ಆ ಹೆಂಗಸಿಗೂ ಅಂಜಿಕೆ ಬರುತ್ತದೆಯೆಂದು ಶಟ್ಟೆಪ್ಪ ಅಂದು ಮೊದಲ ಸಲ ನೋಡಿದ, ನೋಡಿ ಇನ್ನಷ್ಟು ಅಂಜಿದ.

“ನಮ್ಮವ್ವ ತಂದು ಕೊಟ್ಟಿದ್ದಳು, ನನ್ನ ಲಗ್ನಕ್ಕ,” ಎಂದಳು ಪದ್ಮವ್ವ. ಯಾರಿಗೂ ಹೇಳುತ್ತಿದ್ದಂತಿರಲಿಲ್ಲ. “ಆನಿ ನಾನ ಹಾಕಿದ್ದೆ. ಕಡೀ ಕಾಲು ಹಾಕೂದ್ರಾಗ ಅರ್ಷಿಣ ಹಚ್ಚಾಕ ಕರದರು. ಗಂಡನ ಮನಿಗೆ ಹೋಗಿ ಉಡಬೇಕಂತ ಇಟ್ಟಿದ್ದೆ. ಎಂಟ ದಿನಕ್ಕ ಸವದತ್ತ್ಯಾಗ ಒಂದು ಲಗ್ನ ಬಂತು. ನಮ್ಮ ಅತ್ತಿ ಟ್ರಂಕು ತಗದು ಇದನ್ನ ಒಯ್ದು ಆಯೇರಿ ಮಾಡಿದಳು. ಕೇಳಾಕ ಬಾಯಿ ಇರಲಿಲ್ಲ ನನಗ. ಇಪ್ಪತ್ತೇಳು ವರ್ಷ ಆತು.”

ಅವಳು ಎದ್ದಳು. ಬಸ್ಸಿನ ಕಡೆ ಹೋಗುತ್ತಾಳೆಂದು ಎಲ್ಲರೂ ದಾರಿ ಬಿಟ್ಟರು. ಅವಳು ಕಾಡವ್ವನ ಮುಂದೆ ನಿಂತು, “ಬೀಗತ್ಯಾರ, ಸೀರಿ ಉಡಾಕ ಖೋಲಿ ಎಲ್ಲೈತಿ?” ಎಂದಳು.

ಗಿಳಿಹಸಿರು ಸೀರೆಯುಟ್ಟು ಅವಳು ಹೊರಬಂದಾಗ ಮಡಿಕೆಯ ಗೆರೆಗಳು ಅಡ್ಡಡ್ಡ ಬಿಳಿಚಿ ಕಾಣುತ್ತಿದ್ದವು. ಪದ್ಮವ್ವ ಅದನ್ನು ಲೆಕ್ಕಿಸಲಿಲ್ಲ. ಕೂತ ಹೆಂಗಸರಲ್ಲಿ ಮೊದಲು ಬೀರವ್ವ ನಕ್ಕಳು. “ನಂದೂ ಒಂದು ಅದರಾಗ ಐತ್ರೇ, ಆ ನವಿಲಿಂದು,” ಎಂದು ಕಿತ್ತೂರಿನ ಅತ್ತಿಗೆಯ ತೊಡೆ ಚಿವುಟಿದಳು. ಅಲ್ಲಿಂದ ಮುಂದೆ ಹಂದರದಲ್ಲಿ ಮೈಕೂ ಕೇಳಿಸದಷ್ಟು ಗದ್ದಲ. ಯಾರು ಯಾರಿಗೆ ಯಾವುದನ್ನು ದಾಟಿಸಿದರೆಂದು ಕೈ ಎತ್ತಿ ತೋರಿಸುವುದು, ಬೈಯುವುದು, ನಗುವುದು. ಸಾಹೇಬರಿಗೆ ಯಾರ ಫೋಟೋ ತೆಗೆಯಬೇಕೆಂದು ತಿಳಿಯದಾಯಿತು.

ಊಟದ ಪಂಕ್ತಿಯ ನಡುವೆ ಕೆಂಪವ್ವ ಸೂಜಿದಾರ ಹಿಡಿದು ಪದ್ಮವ್ವನ ಹತ್ತಿರ ಹೋದಳು. ಸೂಜಿ ಅವಳ ಸೆರಗಿನಲ್ಲಿ ಯಾವಾಗಲೂ ಇರುವಂಥದು. “ಎಕ್ಕಾರ, ಕರಿ ದಾರ ಐತ್ರಿ. ನಾಲ್ಕನೇದು ಕಾಲು ಹಾಕಿಬಿಡಲೇನು, ಎರಡ ನಿಮಿಷದ ಕೆಲಸ.”

ಪದ್ಮವ್ವ ಸೆರಗಿನ ಮೂಲೆ ಮುಷ್ಟಿಯಲ್ಲಿ ಮುಚ್ಚಿದಳು. “ಬ್ಯಾಡವಾ. ಮೂರ ಕಾಲ ಮ್ಯಾಲೆ ಇಷ್ಟು ದೂರ ನಡಕೋಂತ ಮನಿಗೆ ಬಂದೈತಿ. ಹಂಗ ಇರಲಿ.”

ಮರುದಿನ ಹಂದರ ಬಿಚ್ಚಲು ಹೋದಾಗ ಕಾಡವ್ವ ಕಟ್ಟೆಯ ಮೇಲೆ ಕೂತಿದ್ದಳು. ಶಟ್ಟೆಪ್ಪ ಕೆಂಪವ್ವನ ಹಿಂದೆ ನಿಂತ.

“ಕೆಂಪವ್ವಾ, ನಿಂದೊಂದು ಸೀರಿ ನನ್ನ ಮ್ಯಾಲೆ ಇತ್ತು,” ಎಂದಳು ಕಾಡವ್ವ. “ಅದು ತನ್ನ ಮನಿಗೆ ಹೋತು. ತೀರಿತಿಲ್ಲೋ?”

“ತೀರಿತು ಎಕ್ಕಾ,” ಎಂದಳು ಕೆಂಪವ್ವ. ಒಂಬತ್ತು ವರ್ಷ ಹೊತ್ತದ್ದನ್ನು ಇಳಿಸಿದವಳ ಹಾಗೆ ಭುಜ ಸಡಿಲಿಸಿ, ಹರಿದ ಜಡೆಗಳನ್ನು ಕೌದಿಗೆಂದು ಚೀಲಕ್ಕೆ ತುಂಬಹತ್ತಿದಳು.

“ಶಟ್ಟೆಪ್ಪಾ, ನಿನ್ನ ಕೂಲಿ ನನ್ನ ಕಡೆ ಐತಿ. ಯಾವಾಗ ಬೇಕಾದರೂ ಬಂದು ತಗೊಂಡು ಹೋಗು. ಬರೂ ಮುಂದ ನನ್ನ ಅರವತ್ತೊಂದು ಸೀರಿ ತಗೊಂಡು ಬಾ.”

ಅವಳು ನಗುತ್ತ ಹೇಳಿದಳೋ ನಗದೆ ಹೇಳಿದಳೋ ಎಂದು ಶಟ್ಟೆಪ್ಪ ನೋಡಲಿಲ್ಲ. ನೋಡುವ ಧೈರ್ಯವಿದ್ದಿದ್ದರೆ ಅವನ ಮುಂದಿನ ದಿನಗಳು ಬೇರೆಯಿರುತ್ತಿದ್ದವು.

ಕಡಲೆ ಮುಗಿಯಿತು, ಜೋಳ ಕೊಯ್ದರು. ಮಧ್ಯಾಹ್ನದ ಹೊತ್ತು ಯಾರೂ ಇಲ್ಲದಾಗ ಹೆಂಗಸರು ಒಬ್ಬೊಬ್ಬರೇ ಶಟ್ಟೆಪ್ಪನ ಮನೆಗೆ ಟ್ರಂಕು ಹೊರಿಸಿಕೊಂಡು ಬರತೊಡಗಿದರು. “ನಮ್ಮವೂ ಹರದಬಿಡೋ ಎಣ್ಣಾ, ಈ ಆಯೇರಿ ಕಾಟದಿಂದ ಒಮ್ಮೆ ಪಾರಾಗೂಣು,” ಎನ್ನುವರು. ಶಟ್ಟೆಪ್ಪ ಮೊದಲು ಕೆಂಪವ್ವನ ಕೈಯಿಂದ ತೆರೆಸಿ, ದಾರ ನೋಡಿಸಿ, ಆಮೇಲೆಯೇ ಕತ್ತರಿ ಮುಟ್ಟುತ್ತಾನೆ. ಮೇಲಿನ ಓಣಿಯಿಂದ ಹೋಗುವ ಕೆಲಸವಿದ್ದರೆ ಕೆರೆಯ ದಂಡೆ ಸುತ್ತಿ ಹೋಗುತ್ತಾನೆ.

ಯುಗಾದಿಯ ಹಿಂದಿನ ದಿನ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಬೀರಪ್ಪ ಎದುರಾದ. ಅಡಗಲು ಸುತ್ತ ಕಂಬವಿರಲಿಲ್ಲ.

“ಏ ಶಟ್ಟೆಪ್ಪಾ, ನಿನ್ನ ರೊಕ್ಕಾ ಹಂಗ ಉಳದೈತಲ್ಲೋ. ಯಾಕ ಬರಲೇ ಇಲ್ಲ?”

“ಇರಲಿ ಬಿಡ್ರಿ ಯಜಮಾನ್ರ, ಅವಸರ ಏನಿಲ್ಲ,” ಎಂದ ಶಟ್ಟೆಪ್ಪ, ಮುರಗೋಡದ್ದಲ್ಲದ ಬಸ್ಸಿನ ಮೆಟ್ಟಿಲ ಮೇಲೆ ಆಗಲೇ ಒಂದು ಕಾಲಿಟ್ಟು. “ಮನ್ಯಾಗ ಎಕ್ಕಾರಿಗೆ ಮಾತ್ರ ನೆನಪ ಮಾಡಬ್ಯಾಡ್ರಿ.”